ಅಂಚು ಮುಂದ, ತಮ್ಮಾ!

ಸಂಜೆ ಆರರ ಹೊತ್ತು. ಧಾರವಾಡದ ಸಪ್ತಾಪುರ ಬಾವಿಯ ಹತ್ತಿರ ಕೋಚಿಂಗ್ ಕ್ಲಾಸುಗಳು ಬಿಟ್ಟಿದ್ದವು. ರಸ್ತೆ ತುಂಬ ಬೆನ್ನಚೀಲ ಹೊತ್ತ ಹುಡುಗ ಹುಡುಗಿಯರು. ಪುಸ್ತಕದಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಆ ಗದ್ದಲದಲ್ಲಿ ಒಬ್ಬ ಹುಡುಗ ಕೈ ಚಾಚಿ ಕೂಗಿದ: "ಅಣ್ಣಾರ, ಈ ತಿಂಗಳ ಮ್ಯಾಗಜಿನ್ ಬಂತೇನ್ರಿ?"

ನನ್ನ ಪಕ್ಕದಲ್ಲಿದ್ದ ಅಳಿಯ ಕಿಸಕ್ಕನೆ ನಕ್ಕ. ಅಕ್ಕನ ಮಗ, ಪಿಎಸ್‌ಐ ಪರೀಕ್ಷೆಗೆ ಓದಲಿಕ್ಕೆಂದು ಇಲ್ಲೇ ಒಂದು ಖೋಲಿ ಹಿಡಿದಿದ್ದಾನೆ. "ಮಾಮಾ, ನೀವು ಎನ್‌ಸಿಸಿ ಒಳಗ ಇದ್ದಾಗ ಬಂದೂಕಿಗೂ ಮ್ಯಾಗಜಿನ್ ಅಂತಿದ್ರಲ್ಲ? ಓದೂದೂ ಮ್ಯಾಗಜಿನ್, ಹೊಡಿಯೂದೂ ಮ್ಯಾಗಜಿನ್. ಇದೆಂಥಾ ಹೆಸರ್ರಿ?"

ನಗುತ್ತ ಕೇಳಿದ ಪ್ರಶ್ನೆ. ಅವನು ಮರೆತೂಬಿಟ್ಟ. ನನಗೆ ಮಾತ್ರ ಅದು ಮೂರು ದಿನ ನಿದ್ದೆ ಕೊಡಲಿಲ್ಲ. ಏಕೆಂದರೆ ಆ ಎಳೆ ಹಿಡಿದು ಜಗ್ಗಿದರೆ ಏನೇನು ಬಿಚ್ಚಿಕೊಂಡು ಬಂತು ಗೊತ್ತೇ? ಅರಬ್ಬರ ಉಗ್ರಾಣ ಬಂತು, ಅಮೆರಿಕದ ಅಂತರ್ಯುದ್ಧ ಬಂತು, ಜಾತ್ರೆಯ ತೊಟ್ಟಿಲು ಬಂತು, ಒಲಿಂಪಿಕ್ಸಿನ ಕಂಚು ಬಂತು. ಎಲ್ಲದರ ತಳದಲ್ಲಿ ಕೂತಿದ್ದದ್ದು ಬರೇ ಒಂದು ಮಿಲಿಮೀಟರ್ ದಪ್ಪದ ಹಿತ್ತಾಳೆಯ ಅಂಚು!

ಮೊದಲು ಹೆಸರು. ಅರಬ್ಬಿಯಲ್ಲಿ 'ಮಖ್ಝನ್' ಅಂದರೆ ಕೂಡಿಡುವ ಜಾಗ, ಉಗ್ರಾಣ. ಆ ಶಬ್ದ ಇಟಲಿ, ಫ್ರಾನ್ಸುಗಳನ್ನು ಸುತ್ತಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಮ್ಯಾಗಜಿನ್ ಆಯಿತು. ಮೊದಲಿಗೆ ಮದ್ದುಗುಂಡಿನ ಕೋಠಿಗೆ ಆ ಹೆಸರು; ಮುಂದೆ ಬಂದೂಕಿನೊಳಗೆ ಗುಂಡು ಕೂಡಿಡುವ ಪೆಟ್ಟಿಗೆಗೂ ಅದೇ. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಎಂಬಾತ ನಾನಾ ಬರಹಗಳನ್ನು ಒಂದೆಡೆ ಕೂಡಿಸಿ ತಿಂಗಳಿಗೊಮ್ಮೆ ಅಚ್ಚು ಹಾಕತೊಡಗಿದಾಗ ತನ್ನ ಪತ್ರಿಕೆಗೂ ಆ ಉಗ್ರಾಣದ ಹೆಸರನ್ನೇ ಇಟ್ಟ. ಸರಿ, ಇಷ್ಟು ಹಲವರಿಗೆ ಗೊತ್ತಿರಬಹುದು. ಆದರೆ ಮಖ್ಝನ್ ಹುಟ್ಟಿದ ಅದೇ ಅರಬ್ಬಿ ಧಾತುವಿನಿಂದ ಇನ್ನೊಂದು ಕೂಸು ಹುಟ್ಟಿದೆ. ಅದು ಫಾರ್ಸಿಯ ದಾರಿ ಹಿಡಿದು ನೇರ ನಮ್ಮ ಮನೆಗೇ ಬಂದಿದೆ. ಯಾವುದು ಹೇಳಿ? ಖಜಾನೆ!

ಹೌದು, ಮ್ಯಾಗಜಿನ್ ಮತ್ತು ಖಜಾನೆ ಒಡಹುಟ್ಟಿದವು. ಸಪ್ತಾಪುರದ ಹುಡುಗರು ಖಜಾನೆ ಇಲಾಖೆಯ ನೌಕರಿಗಾಗಿ ಮ್ಯಾಗಜಿನ್ ಓದುವಾಗ ಅಣ್ಣನಿಗಾಗಿ ತಮ್ಮನನ್ನು ಓದುತ್ತಿರುತ್ತಾರೆ, ಅವರಿಗೇ ಗೊತ್ತಿಲ್ಲದೆ.

ಇದನ್ನು ಹೇಳಲು ಮಾರನೆಯ ದಿನ ಅಳಿಯನ ಖೋಲಿಗೆ ಓಡಿದೆ. ಅವನು ಕಣ್ಣರಳಿಸಿದ. ಆಮೇಲೆ ಕೇಳಿದ: "ಅಂದ್ರ ಬಂದೂಕಿನ ಖಜಾನಿ ಒಳಗ ಎಷ್ಟು ಹಿಡಿಸ್ತಾವ ಮಾಮಾ? ಐದು? ಹತ್ತು? ನೂರು ಹಿಡಿಸೂವಂಥಾದು ಮಾಡ್ಲಿಕ್ಕೆ ಬರೂದಿಲ್ಲೇನು?"

ಅವನು ಹಾಗೆ ಕೇಳಿದ್ದೇ ತಡ, ಎಷ್ಟೋ ವರ್ಷಗಳ ಹಿಂದಿನ ಒಂದು ಮುಂಜಾವು ಎದ್ದು ಬಂದು ಎದುರಿಗೆ ನಿಂತಿತು.

ಎನ್‌ಸಿಸಿ ಕ್ಯಾಂಪಿನ ಫೈರಿಂಗ್ ದಿನ. ಮಂಜು ಇನ್ನೂ ಹುಲ್ಲಿನ ಮೇಲಿತ್ತು. 25 ಗಜ ದೂರದಲ್ಲಿ ಗುರಿಹಲಗೆ. ಕೈಯಲ್ಲಿ .22 ರೈಫಲ್. "ಲೇಟ್ ಕರ್ ಪೊಸಿಷನ್!" ಎಂಬ ಹುಕುಮಿಗೆ ಹತ್ತು ಹುಡುಗರು ನೆಲಕ್ಕೆ ಬಿದ್ದೆವು. ಗೋಕಾಕದ ಕಡೆಯ ಹವಾಲ್ದಾರರೊಬ್ಬರು ನಮ್ಮ ಉಸ್ತಾದ್. ಮ್ಯಾಗಜಿನ್‌ಗೆ ಗುಂಡು ತುಂಬುವ ನನ್ನ ಬೆರಳು ನೋಡುತ್ತ ಬೆನ್ನ ಹಿಂದಿನಿಂದ ಅವರು ಹೇಳಿದ ಮಾತು ಇಷ್ಟೇ: "ಅಂಚು ಮುಂದ, ತಮ್ಮಾ. ಮ್ಯಾಲಿಂದರ ಅಂಚು ಯಾವಾಗ್ಲೂ ಕೆಳಗಿಂದರ ಅಂಚಿನ ಮುಂದ." ನಾನು "ಹೂಂ ಉಸ್ತಾದ್" ಅಂದೆ. ಏನೂ ತಿಳಿದಿರಲಿಲ್ಲ. ಮೂರು ಗುಂಡು ಹಾರಿದವು. ನಾಲ್ಕನೆಯದು ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಗುಂಡನ್ನು ನಳಿಗೆಗೆ ನೂಕುವ ಬೋಲ್ಟ್ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಕೈ ಬೆವರಿತು. ಉಸ್ತಾದ್ ಬಂದು ಬಿಡಿಸಿದಾಗ ಹೊರಬಿದ್ದ ಕಾಡತೂಸಿನ ಸೀಸದ ಮೂತಿ ಸೊಟ್ಟಗಾಗಿತ್ತು. ಕೊನೆಗೆ ಖೋಕಾ, ಅಂದರೆ ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ, ಎಣಿಸುವಾಗ ಎಲ್ಲರದು ಐದೈದು; ನನ್ನದು ನಾಲ್ಕು ಖೋಕಾ, ಒಂದು ಸೊಟ್ಟ ಮೂತಿ.

ಆ ಸೊಟ್ಟ ಮೂತಿಯ ಕಾರಣವನ್ನು ನಾನು ಕಂಡುಕೊಂಡದ್ದು ಈ ವಾರ, ಸಪ್ತಾಪುರದ ಖೋಲಿಯೊಂದರಲ್ಲಿ, ಒಂದು ಬೆಂಕಿಪೆಟ್ಟಿಗೆ, ಎರಡು ಮೊಳೆಯಿಂದ!

ನೀವೂ ಮಾಡಿ ನೋಡಿ. 25 ಬೆಂಕಿಕಡ್ಡಿ ತೆಗೆದುಕೊಳ್ಳಿ. ಎಲ್ಲ ತಲೆಗಳೂ ಒಂದೇ ಕಡೆ ಬರುವಂತೆ ಮೇಜಿನ ಮೇಲೆ ಒಂದರ ಪಕ್ಕ ಒಂದು ಒತ್ತಾಗಿ ಇಡಿ. ತಲೆ ದಪ್ಪ, ಕಾಲು ಸಣ್ಣ. ನಾಲ್ಕೈದು ಇಡುವಷ್ಟರಲ್ಲೇ ಸಾಲು ವಾಲತೊಡಗುತ್ತದೆ. ಹತ್ತಕ್ಕೆ ಬೀಸಣಿಗೆ. 25ಕ್ಕೆ ನವಿಲಿನ ಗರಿ ಬಿಚ್ಚಿದ ಹಾಗೆ! ನೀವು ಎಷ್ಟೇ ನೇರ ಮಾಡಲು ಹೋಗಿ, ಅದು ಬಾಗಿಯೇ ಬಾಗುತ್ತದೆ.

.22 ಕಾಡತೂಸೂ ಇದೇ ಜಾತಿಯದು. ಕೊಳವೆಯಂಥ ಮೈ 5.7 ಮಿಲಿಮೀಟರ್ ದಪ್ಪ. ತಳದಲ್ಲಿ ಸುತ್ತಲೂ ಚಾಚಿಕೊಂಡ ಅಂಚು 7.1 ಮಿಲಿಮೀಟರ್ ಅಗಲ. ತುದಿಯಿಂದ ತುದಿಗೆ ಉದ್ದ ಒಂದಿಂಚು, ಅಂದರೆ 25.4 ಮಿಲಿಮೀಟರ್. ಅಮೆರಿಕದ ಸ್ಟೀವನ್ಸ್ ಕಂಪನಿ 1887ರಲ್ಲಿ ಇದಕ್ಕೆ ಈ ರೂಪ ಕೊಟ್ಟಿತು. ಆಗಿನಿಂದ ಇವತ್ತಿನವರೆಗೆ ಅಳತೆ ಬದಲಾಗಿಲ್ಲ!

ಅಂಚು ಏಕೆ ಬೇಕು? ಅಲ್ಲೇ ಇದೆ ಇದರ ಜೀವ. ಉಳಿದ ದೊಡ್ಡ ಕಾಡತೂಸುಗಳ ತಳದ ನಟ್ಟನಡುವೆ ಒಂದು ಪುಟ್ಟ ಬಟ್ಟಲಿರುತ್ತದೆ. ಪೆಟ್ಟು ಅದಕ್ಕೆ ಬೀಳಬೇಕು. ಇದರಲ್ಲಿ ಬಟ್ಟಲೇ ಇಲ್ಲ. ಅಂಚು ಒಳಗೆ ಪೊಳ್ಳು. ಕಿಡಿಮದ್ದು ಆ ಪೊಳ್ಳಿನಲ್ಲಿ ಸುತ್ತಲೂ ಕೂತಿರುತ್ತದೆ. ಬಂದೂಕಿನ ಮೊಳೆ ಬಂದು ಅಂಚನ್ನು ಜಜ್ಜಿದರೆ ಒಳಗಿನ ಮದ್ದು ಸಿಡಿಯುತ್ತದೆ. ಅದಕ್ಕೇ ಇದು 'ರಿಮ್‌ಫೈರ್', ನಮ್ಮ ಮಾತಿನಲ್ಲಿ ಅಂಚುಬೆಂಕಿ.

ಅಷ್ಟು ಸಣ್ಣ ಸಂದಿಗೆ ಮದ್ದು ತುಂಬುವುದು ಹೇಗೆ? ಬೆರಳು ಹೋಗದು, ಸೂಜಿ ಹೋಗದು. ಹಸಿ ಮದ್ದಿನ ಒಂದು ಚೂರನ್ನು ಖಾಲಿ ಖೋಕಾದ ತಳಕ್ಕೆ ಹಾಕಿ ಗರಗರ ತಿರುಗಿಸುತ್ತಾರೆ! ಅವ್ವ ಮಜ್ಜಿಗೆ ಕಡೆಯುವಾಗ ಮೊಸರು ಗಡಿಗೆಯ ನಡುವೆ ತಗ್ಗಾಗಿ ಬದಿಗೆ ಏರುವುದನ್ನು ನೋಡಿದ್ದೀರಲ್ಲ? ಅದೇ ಕಸುಬು. ಮದ್ದು ತಾನಾಗಿ ಓಡಿ ಅಂಚಿನ ಸಂದಿಯಲ್ಲಿ ಅಡಗಿ ಕೂರುತ್ತದೆ. ಎಲ್ಲೋ ಒಂದು ಕಡೆ ಸರಿಯಾಗಿ ಹರಡದೆ ಖಾಲಿ ಉಳಿದು, ಮೊಳೆ ಅಲ್ಲೇ ಬಡಿದರೆ? ಟಿಕ್ ಎಂದು ಸದ್ದು, ಅಷ್ಟೇ. ಗುಂಡು ಹಾರದು. ಅಂಚುಬೆಂಕಿಯ ಮೊದಲ ಮುನಿಸು ಇದು.

ಎರಡನೆಯ ಮುನಿಸು ಪೆಟ್ಟಿಗೆಯೊಳಗಿನದು.

ಅಳಿಯನನ್ನು ಹಾರ್ಡ್‌ವೇರ್ ಅಂಗಡಿಗೆ ಅಟ್ಟಿದೆ. ಒಂದಿಂಚಿನ ಮೊಳೆ ಬೇಕಿತ್ತು, ಕಾಡತೂಸಿನಷ್ಟೇ ಉದ್ದದವು. ಎರಡು ಮೊಳೆಯನ್ನು ಒಂದರ ಮೇಲೊಂದು ಮಲಗಿಸಿದೆ. ಮೇಲಿನ ಮೊಳೆಯ ತಲೆ ಕೆಳಗಿನದರ ತಲೆಯ ಮುಂದಿದ್ದಾಗ ಬೆರಳಿನಿಂದ ಮುಂದಕ್ಕೆ ನೂಕಿದರೆ ಸರ್ರನೆ ಜಾರುತ್ತದೆ. ಈಗ ಮೇಲಿನದರ ತಲೆಯನ್ನು ಕೆಳಗಿನದರ ತಲೆಯ ಹಿಂದೆ ಇಟ್ಟೆ. ನೂಕಿದೆ. ಟಕ್! ತಲೆಗೆ ತಲೆ ಕೊಂಡಿಯಾಗಿ ಕೂತಿತು. ಇನ್ನಷ್ಟು ನೂಕಿದರೆ ಕೆಳಗಿನ ಮೊಳೆಯೂ ಜೊತೆಗೇ ಬರುತ್ತದೆಯೇ ಹೊರತು ಮೇಲಿನದು ಬಿಡಿಸಿಕೊಳ್ಳುವುದಿಲ್ಲ.

ನಾನು ಮೊಳೆ ಹಿಡಿದು ಸುಮ್ಮನೆ ಕೂತೆ. "ಅಂಚು ಮುಂದ, ತಮ್ಮಾ!"

ಉಸ್ತಾದ್ ಹೇಳಿದ್ದು ಇದನ್ನೇ! ಎಷ್ಟೋ ವರ್ಷಗಳ ಹಿಂದೆ ನನ್ನ ಬೆರಳು ಅವಸರ ಮಾಡಿತ್ತು. ನಾಲ್ಕನೆಯದರ ಅಂಚು ಐದನೆಯದರ ಹಿಂದೆ ಸಿಕ್ಕಿತ್ತು. ಬೋಲ್ಟ್ ನೂಕಿದಾಗ ಅದು ಕೊಂಡಿ ಬಿಡಿಸಿಕೊಳ್ಳಲಾರದೆ ಮೂತಿ ಎತ್ತಿ ಕಬ್ಬಿಣಕ್ಕೆ ಗುದ್ದಿತು. ಮೂತಿಯೋ ಮೆತ್ತನೆಯ ಸೀಸ. ಸೊಟ್ಟಗಾಗದೆ ಇನ್ನೇನಾದೀತು?

ಸರಿ, ಹಾಗಾದರೆ ಅಂಚು ಮುಂದಿಟ್ಟು ತುಂಬುತ್ತಾ ಹೋದರೆ, ನೂರು ಬಿಡಿ, 25 ಹಿಡಿಸುವುದಕ್ಕೇನು ಅಡ್ಡಿ? ಅಳಿಯ ಕೋಚಿಂಗಿನ ಲೆಕ್ಕದ ವಹಿ ತೆಗೆದ. ಅಂಚಿನ ದಪ್ಪ ಸುಮಾರು 1.1 ಮಿಲಿಮೀಟರ್. ಪ್ರತಿ ಕಾಡತೂಸೂ ತನ್ನ ಕೆಳಗಿನದಕ್ಕಿಂತ ಅಷ್ಟು ಮುಂದೆ ಸರಿಯಬೇಕು. 25 ಕಾಡತೂಸಿಗೆ 24 ಹೆಜ್ಜೆ. 24ನ್ನು 1.1ರಿಂದ ಗುಣಿಸಿದರೆ 26.4 ಮಿಲಿಮೀಟರ್. ಕಾಡತೂಸಿನ ಉದ್ದವೇ 25.4! ಅಂದರೆ ತಳದಲ್ಲಿ ಕೂತದ್ದಕ್ಕಿಂತ ನೆತ್ತಿಯ ಮೇಲೆ ಕೂತದ್ದು ಒಂದು ಪೂರ್ತಿ ಕಾಡತೂಸಿನಷ್ಟು ಮುಂದೆ ಹೋಗಿರುತ್ತದೆ!

ಜೊತೆಗೆ ಬೆಂಕಿಕಡ್ಡಿಯ ಬೀಸಣಿಗೆ ಬೇರೆ. ಕಾಗದದ ಮೇಲೆ ಗೆರೆ ಎಳೆದು ನೋಡಿದರೆ ಒಂದೊಂದು ಕಾಡತೂಸಿಗೂ ಎರಡು, ಎರಡೂವರೆ ಡಿಗ್ರಿ ವಾಲು. 24 ಸಲ ಕೂಡಿಸಿದರೆ 50-60 ಡಿಗ್ರಿ. ನೇರ ಪೆಟ್ಟಿಗೆಯಲ್ಲಿ ಇದು ಹಿಡಿಯುವ ಮಾತೇ ಅಲ್ಲ. ಅದಕ್ಕೇ ದೊಡ್ಡ .22 ಮ್ಯಾಗಜಿನ್‌ಗಳು ಬಾಳೆಹಣ್ಣಿನ ಹಾಗೆ ಬಾಗಿರುತ್ತವೆ. ಆ ಬಾಗು ಅಂದಕ್ಕಲ್ಲ, ಆರ್ಭಟಕ್ಕಲ್ಲ. ಒಂದು ಮಿಲಿಮೀಟರ್ ಅಂಚು ಹಾಕಿದ ಲೆಕ್ಕ ಅದು!

ನಂಬಿಕೆ ಬಾರದಿದ್ದರೆ ನಮ್ಮ ಸೈನ್ಯದ ಹಳೆಯ ಬ್ರೆನ್ ಗನ್ ನೆನಪಿಸಿಕೊಳ್ಳಿ. ನೆತ್ತಿಯ ಮೇಲೆ ಕೊಂಬಿನಂತೆ ಬಾಗಿದ ಮ್ಯಾಗಜಿನ್. ಅದರ .303 ಕಾಡತೂಸಿನ ಕಿಡಿ ಇದ್ದದ್ದು ನಡುವಿನ ಬಟ್ಟಲಲ್ಲೇ. ಆದರೆ ಅದಕ್ಕೂ ತಳದಲ್ಲಿ ಚಾಚಿದ ಅಂಚಿತ್ತು. ಅಂಚಿದ್ದರೆ ಬಾಗು ಬಂದೇ ಬಂತು. ಮುಂದೆ ಅದೇ ಬ್ರೆನ್ ಅನ್ನು ಅಂಚು ಚಾಚದ 7.62 ಕಾಡತೂಸಿಗೆ ಹೊಂದಿಸಿದರು. ಮ್ಯಾಗಜಿನ್ ಬಹುಮಟ್ಟಿಗೆ ನೇರವಾಯಿತು! ಅದೇ ಬಂದೂಕು, ಅಂಚು ಹೋಯಿತು, ಬಾಗೂ ಹೋಯಿತು. ಇನ್ನೊಂದು ಸ್ವಾರಸ್ಯ ನೋಡಿ. ಬ್ರೆನ್ ಮ್ಯಾಗಜಿನ್‌ನ ಅಳತೆ 30 ಗುಂಡಿನದು, ಸೈನಿಕರು ರೂಢಿಯಲ್ಲಿ ತುಂಬುತ್ತಿದ್ದದ್ದು 28. ಹೊಟ್ಟೆ ಬಿರಿಯುವಷ್ಟು ತುಂಬಿದರೆ ಸ್ಪ್ರಿಂಗ್ ಸೋಲುತ್ತದೆ ಎಂದು ಕೈ ಕಂಡುಕೊಂಡ ಬುದ್ಧಿ ಅದು. ಎರಡು ತುತ್ತು ಕಡಿಮೆ ಉಣ್ಣು ಎಂದು ನಮ್ಮಜ್ಜಿ ಹೇಳುತ್ತಿದ್ದಳಲ್ಲ, ಹಾಗೆ.

ಇನ್ನು ನಡೆಯಿರಿ 1860ಕ್ಕೆ, ಅಮೆರಿಕಕ್ಕೆ. ಅಲ್ಲಿ ಅಂತರ್ಯುದ್ಧದ ಕಾರ್ಮೋಡ. ಸಾಮಾನ್ಯ ಸಿಪಾಯಿ ಒಂದು ಗುಂಡು ಹೊಡೆದು, ಮತ್ತೆ ಮದ್ದು ಸುರಿದು, ಗಜದಿಂದ ಜಡಿದು, ಇನ್ನೊಂದು ಹೊಡೆಯಬೇಕಿದ್ದ ಕಾಲ. ಆಗ ಬೆಂಜಮಿನ್ ಟೈಲರ್ ಹೆನ್ರಿ ಎಂಬ ಕುಶಲಕರ್ಮಿ ನಳಿಗೆಯ ಕೆಳಗೆ ಒಂದು ಉದ್ದ ಕೊಳವೆ ಕೂಡಿಸಿ, ಅದರಲ್ಲಿ ಒಂದರ ಹಿಂದೆ ಒಂದರಂತೆ 16 ಕಾಡತೂಸು ಮಲಗಿಸಿಬಿಟ್ಟ. ಯಾವ ಕಾಡತೂಸು? .44 ಅಂಚುಬೆಂಕಿ! ಅಂದರೆ ಗುಂಡು ಹೆಚ್ಚು ಹಿಡಿಸುವ ಮ್ಯಾಗಜಿನ್ ಮೊದಮೊದಲು ಹೆಸರು ಮಾಡಿದ್ದೇ ಅಂಚುಬೆಂಕಿಯ ಹೆಗಲ ಮೇಲೆ!

ಇಲ್ಲೊಂದು ಜಾಣತನ ಅಡಗಿದೆ, ನನಗೆ ತಿಳಿದಾಗ ಎದ್ದು ನಿಂತುಬಿಟ್ಟೆ. ಕೊಳವೆಯಲ್ಲಿ ಪ್ರತಿ ಕಾಡತೂಸಿನ ಮೂತಿ ಮುಂದಿನದರ ತಳಕ್ಕೆ ಒತ್ತಿಕೊಂಡಿರುತ್ತದೆ. ತಳದ ನಡುವೆ ಕಿಡಿಬಟ್ಟಲು ಇರುವ ಕಾಡತೂಸಾದರೆ ಚೂಪು ಮೂತಿ ಅದಕ್ಕೇ ಚುಚ್ಚಿ ಕೊಳವೆಯೊಳಗೇ ಅನಾಹುತ ಆಗಬಹುದು. ಅಂಚುಬೆಂಕಿಗೆ ಆ ಭಯವಿಲ್ಲ. ನಡುವೆ ಬರೇ ಹಿತ್ತಾಳೆ, ಬೆಂಕಿಯೆಲ್ಲ ಅಂಚಿನಲ್ಲಿ. ಒಂದರ ಮೇಲೊಂದು ಪೇರಿಸಿದಾಗ ಜಗಳ ತೆಗೆಯುವ ಅಂಚು, ಒಂದರ ಹಿಂದೊಂದು ನಿಲ್ಲಿಸಿದಾಗ ಕಾಯುತ್ತದೆ!

ಹೆನ್ರಿಗೆ ಅಂಚುಬೆಂಕಿಯ ಮೊದಲ ಮುನಿಸೂ ಗೊತ್ತಿತ್ತು, ಆ ಮದ್ದು ಹರಡದ ಖಾಲಿ ಜಾಗದ್ದು. ಅದಕ್ಕೇ ಅವನ ರೈಫಲ್ಲಿನ ಬಡಿಮೊಳೆಗೆ ಎರಡು ಹಲ್ಲು. ಅಂಚಿನ ಎರಡು ಕಡೆ ಒಂದೇ ಏಟಿಗೆ ಜಜ್ಜುತ್ತಿತ್ತು. ಒಂದು ಕಡೆ ಮದ್ದಿಲ್ಲದಿದ್ದರೆ ಇನ್ನೊಂದು ಕಡೆ ಇದ್ದೇ ಇರುತ್ತದೆಯಲ್ಲ! ಆದರೆ ಅವನ ಕೊಳವೆಯ ಕೆಳಗೆ ಉದ್ದಕ್ಕೂ ಒಂದು ಸೀಳಿತ್ತು. ಅದರಲ್ಲಿ ಮಣ್ಣು, ಕೆಸರು ನುಗ್ಗುತ್ತಿತ್ತು. 1866ರ ವಿಂಚೆಸ್ಟರ್ ರೈಫಲ್ ಆ ಸೀಳು ಮುಚ್ಚಿ, ಪಕ್ಕದಲ್ಲಿ ತುಂಬುವ ಪುಟ್ಟ ಬಾಗಿಲಿಟ್ಟಿತು.

ಆಮೇಲೆ ಹುಚ್ಚು ಹಿಡಿದವರ ಸಾಲೇ ಇದೆ. 1970ರ ದಶಕದಲ್ಲಿ ಅಮೆರಿಕನ್-180 ಎಂಬ ಬಂದೂಕಿನ ನೆತ್ತಿಯ ಮೇಲೆ ರೊಟ್ಟಿಯ ಹಂಚಿನಂಥ ದುಂಡು ಮ್ಯಾಗಜಿನ್ ಬಂತು. ಅದರಲ್ಲಿ 177 ಕಾಡತೂಸು! ಕಾಡತೂಸುಗಳು ಚಕ್ರದ ಅರಗಳಂತೆ ಮಲಗುತ್ತಿದ್ದವು, ಅಂಚು ಹೊರಗೆ, ಮೂತಿ ನಡುವಿಗೆ. ನೋಡಿದಿರಾ? ಬೆಂಕಿಕಡ್ಡಿಯ ಬೀಸಣಿಗೆಯನ್ನು ಪೂರ್ತಿ ಬಿಚ್ಚಿ ದುಂಡಗೆ ಮಾಡಿದರೆ ಅದೇ ಹಂಚು! ಬಾಗಬೇಡ ಅನ್ನಲಿಲ್ಲ ಅವರು. ಬಾಗು, ಪೂರ್ತಿ ಸುತ್ತು ಬಾಗು ಅಂದರು. 1980ರ ದಶಕದ ಕ್ಯಾಲಿಕೊ ಎಂಬುದು ಕಾಡತೂಸುಗಳನ್ನು ಸುರುಳಿ ಮೆಟ್ಟಿಲಿನ ಹಾಗೆ ಸುತ್ತಿಸಿ 100 ತುಂಬಿಸಿತು.

ಆದರೆ ನನ್ನ ಮನಸ್ಸು ಗೆದ್ದದ್ದು ಬರೇ ಹತ್ತು ಹಿಡಿಸುವ ಒಂದು ಪುಟ್ಟ ಡಬ್ಬಿ. 1964ರಲ್ಲಿ ರೂಗರ್ ಕಂಪನಿ 10/22 ಎಂಬ ರೈಫಲ್ ತಂದಿತು. ಅದರ ಮ್ಯಾಗಜಿನ್ ಹೊರಗೆ ಜೋತುಬೀಳುವುದೇ ಇಲ್ಲ. ರೈಫಲ್ಲಿನ ಹೊಟ್ಟೆಯೊಳಗೇ ಅಡಗಿ ಕೂರುತ್ತದೆ. ಒಳಗೆ ಏನಿದೆ? ಮುರುಘಾಮಠದ ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಹತ್ತಿದ್ದೀರಾ? ಒಬ್ಬೊಬ್ಬರಿಗೆ ಒಂದೊಂದು ತೊಟ್ಟಿಲು, ಯಾರ ಕಾಲೂ ಯಾರಿಗೂ ತಾಗದು, ಸರದಿ ಬಂದಾಗ ನೀವು ಮೇಲೆ. ಅಷ್ಟೇ! ಒಳಗೊಂದು ಹಲ್ಲುಹಲ್ಲಿನ ಚಕ್ರ. ಒಂದೊಂದು ತಗ್ಗಿನಲ್ಲಿ ಒಂದೊಂದು ಕಾಡತೂಸು. ಅಂಚಿಗೆ ಅಂಚು ತಾಗುವುದೇ ಇಲ್ಲ. ತಾಗದ ಮೇಲೆ ಕೊಂಡಿ ಬೀಳುವುದೆಲ್ಲಿ? ಉಸ್ತಾದರು ಹೇಳಿಕೊಡಬೇಕಾದ ಪಾಠವನ್ನು ಆ ಚಕ್ರ ತಾನೇ ಕಲಿತು ಕೂತಿದೆ. ಬಳಸುವವರು ಇಂದಿಗೂ ಅದರ ಮೇಲೆ ಇಡುವ ಭರವಸೆ ಸಣ್ಣದಲ್ಲ. ಬಾಗಿದ ದೊಡ್ಡ ಮ್ಯಾಗಜಿನ್‌ಗಳನ್ನು ಬೇರೆ ಬೇರೆ ಕಂಪನಿಗಳು ಮಾಡಿ ಮಾರುತ್ತಿದ್ದರೂ ರೂಗರ್ ತಾನೇ ಒಂದು 25ರದ್ದನ್ನು ಹೊರತಂದದ್ದು ಸುಮಾರು ಅರ್ಧ ಶತಮಾನ ಕಳೆದ ಮೇಲೆ!

ಅಷ್ಟು ವರ್ಷ ಯಾಕೆ? "ಸ್ಪ್ರಿಂಗ್ ದೊಡ್ಡದು ಹಾಕಿದ್ರ ಆತಲ್ಲ ಮಾಮಾ" ಅಂದ ಅಳಿಯ. ಅಷ್ಟು ಸಸಾರವಲ್ಲ. ಒಂದು .22 ಕಾಡತೂಸು ಸುಮಾರು ಮೂರೂವರೆ ಗ್ರಾಂ ತೂಗುತ್ತದೆ. 25 ಸೇರಿದರೆ ಎರಡು ನಿಂಬೆಹಣ್ಣಿನ ತೂಕ. ಕಣ್ಣು ಮಿಟುಕಿಸುವುದರೊಳಗೆ ಸ್ಪ್ರಿಂಗ್ ಆ ಇಡೀ ಕಂಬವನ್ನು ಒಂದು ಮೆಟ್ಟಿಲು ಮೇಲೆತ್ತಬೇಕು. ತುಂಬಿದಾಗ ಅದು ಬಿಗಿಯಾಗಿ ಅದುಮಿ ಮೇಲಿನ ಕಾಡತೂಸನ್ನು ಬೋಲ್ಟಿನ ಹೊಟ್ಟೆಗೆ ಒತ್ತುತ್ತದೆ. .22ರ ಕಸುವೇ ಕಡಿಮೆ. ತನ್ನಷ್ಟಕ್ಕೆ ತಾನೇ ಮರುತುಂಬುವ ರೈಫಲ್ಲಿನ ಬೋಲ್ಟು ಆ ಅಲ್ಪ ಕಸುವಿನಲ್ಲೇ ಹಿಂದೆ ಮುಂದೆ ಓಡಬೇಕು. ಹೊಟ್ಟೆಗೆ ಒತ್ತಿದರೆ ಓಟ ನಿಧಾನ. ಕೊನೆಯ ಎರಡು ಮೂರು ಉಳಿದಾಗ ತದ್ವಿರುದ್ಧ. ಸ್ಪ್ರಿಂಗ್ ಸಡಿಲ, ಕಾಡತೂಸು ಮೇಲೇಳುವಷ್ಟರಲ್ಲಿ ಬೋಲ್ಟ್ ದಾಟಿ ಹೋಗಿರುತ್ತದೆ. ಹತ್ತರ ಡಬ್ಬಿಯಲ್ಲಿ ಬಿಗಿಗೂ ಸಡಿಲಿಗೂ ನಡುವಿನ ದಾರಿ ಚಿಕ್ಕದು. ಉದ್ದ ಮ್ಯಾಗಜಿನ್‌ನಲ್ಲಿ ಆ ದಾರಿ ಉದ್ದ.

ಮೇಲೆ ಮೇಣ ಬೇರೆ! ದೊಡ್ಡ ಕಾಡತೂಸುಗಳಲ್ಲಿ ಗುಂಡಿನ ಬುಡ ಖೋಕಾದ ಒಳಗೆ ಇಳಿದಿರುತ್ತದೆ. .22ರಲ್ಲಿ ಗುಂಡೂ ಖೋಕಾದಷ್ಟೇ ದಪ್ಪ. ಬುಡವನ್ನು ಮಾತ್ರ ಕೆತ್ತಿ ಸಣ್ಣ ಮಾಡಿ ಒಳಗೆ ಸಿಕ್ಕಿಸಿರುತ್ತಾರೆ. ಹಾಗಾಗಿ ಸೀಸಕ್ಕೆ ಸವರಿದ ಮೇಣ ಹೊರಗೇ ಉಳಿಯುತ್ತದೆ. ಮುಟ್ಟಿದರೆ ಬೆರಳಿಗೆ ಜಿಡ್ಡು. ಧಾರವಾಡದ ಬೇಸಿಗೆಯ ಕೆಂಪು ಧೂಳು ನಿಮಗೆ ಗೊತ್ತೇ ಇದೆ. ಕಿಟಕಿ ಮುಚ್ಚಿದರೂ ಪುಸ್ತಕದ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಮೇಣಕ್ಕೆ ಆ ಧೂಳು ಮೆತ್ತಿದರೆ ಮ್ಯಾಗಜಿನ್ ಒಳಗೆ ಮರಳುಕಾಗದ ಇಟ್ಟ ಹಾಗೆ. ಹೆಚ್ಚು ಕಾಡತೂಸು ಅಂದರೆ ಹೆಚ್ಚು ಮೇಣ, ಹೆಚ್ಚು ಉಜ್ಜಾಟ.

ಇಷ್ಟು ಹೇಳುವಷ್ಟರಲ್ಲಿ ಅಳಿಯ ಪೆನ್ನು ಹಿಡಿದಿದ್ದ. ಸಪ್ತಾಪುರದ ಹುಡುಗ, ಸಂಭಾವ್ಯತೆಯ ಲೆಕ್ಕ ನಾಲಿಗೆ ತುದಿಯಲ್ಲಿದೆ. "ನೂರಕ್ಕ 99 ಸಲ ಸರಿ ಏರ್ತೈತಿ ಅಂತ ಹಿಡೀರಿ ಮಾಮಾ. ಪಾಸಾದಂಗ ಅಲ್ಲೇನು?" 99 ಅಂದರೆ ಡಿಸ್ಟಿಂಕ್ಷನ್ನಿಗಿಂತ ಮೇಲೆ! ಲೆಕ್ಕ ಮಾಡಿದ. ಹತ್ತೂ ತೊಡಕಿಲ್ಲದೆ ಏರುವ ಸಂಭವ ನೂರಕ್ಕೆ 90. 25ಕ್ಕೆ 78. 100ಕ್ಕೆ? 37!

ಇಬ್ಬರೂ ಮುಖ ಮುಖ ನೋಡಿಕೊಂಡೆವು. 99 ಅಂಕದ ಜಾಣ, ನೂರು ಸಲ ಪರೀಕ್ಷೆ ಕಟ್ಟಿದರೆ ಮೂರರಲ್ಲಿ ಎರಡು ಪಾಲು ಎಲ್ಲೋ ಒಂದು ಕಡೆ ಎಡವುತ್ತಾನೆ. ಅದನ್ನೇ 99.9ಕ್ಕೆ ಏರಿಸಿ ನೋಡಿದೆವು. 25ಕ್ಕೆ 97.5, 100ಕ್ಕೆ 90. ಅಂದರೆ ಪೆಟ್ಟಿಗೆ ಹಿಗ್ಗಿಸುವುದು ಸುಲಭ. ಹಿಗ್ಗಿದ ಪೆಟ್ಟಿಗೆ ಹಳೆಯ ನಂಬಿಕೆಯನ್ನೇ ಉಳಿಸಿಕೊಳ್ಳಬೇಕಾದರೆ ಒಂದೊಂದು ಕಾಡತೂಸೂ ಹತ್ತು ಪಟ್ಟು ಸಭ್ಯನಾಗಬೇಕು.

ಹಾಗಾದರೆ ಒಂದು ಗುಂಡೂ ತಪ್ಪಬಾರದು ಎನ್ನುವವರು ಏನು ಮಾಡುತ್ತಾರೆ? ಇಲ್ಲಿದೆ ಕಥೆಯ ತಿರುವು. ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 451.4 ಅಂಕ ಗಳಿಸಿ 50 ಮೀಟರ್ ರೈಫಲ್ ತ್ರಿಭಂಗಿ ಸ್ಪರ್ಧೆಯಲ್ಲಿ ಕಂಚು ತಂದರಲ್ಲ, ಅವರ ಕೈಯಲ್ಲಿದ್ದದ್ದು ಇದೇ .22 ಅಂಚುಬೆಂಕಿ! ಅವರ ರೈಫಲ್ಲಿಗೆ ಎಷ್ಟು ದೊಡ್ಡ ಮ್ಯಾಗಜಿನ್? ಮ್ಯಾಗಜಿನ್ನೇ ಇಲ್ಲ! ಒಂದು ಕಾಡತೂಸು, ಕೈಯಿಂದ ಇಡು, ಹೊಡೆ. ಮತ್ತೊಂದು, ಕೈಯಿಂದ ಇಡು, ಹೊಡೆ. ಹತ್ತಂಕದ ವೃತ್ತದ ಅಗಲ 10.4 ಮಿಲಿಮೀಟರ್, ಮೂತಿ ಕೂದಲೆಳೆಯಷ್ಟು ಗೀರಿದರೂ ಗುಂಡು ದಾರಿ ತಪ್ಪೀತು. ಅಲ್ಲಿ ಖಜಾನೆಯೇ ಬೇಡ. ಬೆರಳೇ ಮ್ಯಾಗಜಿನ್.

ಅವಸರದ ಆಟದಲ್ಲೂ ಐದೇ. 2012ರ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲು ನೆನಪಿರಬಹುದು. ನಾಲ್ಕೇ ಸೆಕೆಂಡಿನಲ್ಲಿ ಐದು ಗುರಿಗೆ ಐದು ಗುಂಡು, ಅದೂ .22. ಹಿಮದ ಮೇಲೆ ಸ್ಕೀ ಮಾಡುತ್ತ ಹೊಡೆಯುವ ಬಯಾಥ್ಲಾನಿನವರದೂ ಐದರ ಮ್ಯಾಗಜಿನ್ನೇ. ಹೆಚ್ಚು ಬೇಕಾದರೆ ದೊಡ್ಡದಲ್ಲ, ಇನ್ನೊಂದು ಐದರದ್ದು. ಪಿಸ್ತೂಲಿನ ಆಟದಲ್ಲಿ ಕಾಡತೂಸು ಕೈಕೊಟ್ಟರೆ ಸುತ್ತನ್ನು ಮತ್ತೆ ಆಡುವ ಅವಕಾಶವನ್ನು ನಿಯಮದಲ್ಲೇ ಬರೆದಿಟ್ಟಿದ್ದಾರೆ. ಜಗತ್ತಿನ ಅತ್ಯುತ್ತಮ ಕೈ, ಅತ್ಯುತ್ತಮ ಬಂದೂಕು, ಆದರೂ ಅಂಚು ಮುನಿಯಬಹುದು ಎಂದು ಒಲಿಂಪಿಕ್ಸೇ ತಲೆಬಾಗಿದೆ!

ನಮ್ಮ ಕೊಡಗಿಗೆ ಹೋಗಿ. ಕೈಲ್‌ಪೊಳ್ದ್ ಹಬ್ಬದ ಸುತ್ತಮುತ್ತ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ, .22 ರೈಫಲ್ಲಿಗೆ ಬೇರೆಯೇ ವಿಭಾಗವಿರುವುದೂ ಉಂಟು. ಮರದ ಮೇಲೆ ಕಟ್ಟಿದ ಕಾಯಿ ಒಡೆಯಿತೋ ಇಲ್ಲವೋ, ಅಷ್ಟೇ ಅಲ್ಲಿಯ ಲೆಕ್ಕ. ಡಬ್ಬಿಯಲ್ಲಿ ಎಷ್ಟಿವೆ ಎಂದು ಕೇಳುವವರಿಲ್ಲ.

ನಾಲ್ಕನೆಯ ದಿನ ಸಂಜೆ ಕರ್ನಾಟಕ ಕಾಲೇಜಿನ ಮುಂದೆ ನಡೆದುಬರುತ್ತಿದ್ದೆ. ಈ ಕಾಲೇಜು ಹುಟ್ಟಿದ್ದು 1917ರಲ್ಲಿ. ಅದೇ ವರ್ಷ ಕಲ್ಕತ್ತೆಯಲ್ಲಿ ವಿದ್ಯಾರ್ಥಿಗಳಿಗೆ ಸೈನಿಕ ಶಿಕ್ಷಣ ಕೊಡುವ ಯೂನಿವರ್ಸಿಟಿ ಕೋರ್ ಶುರುವಾಯಿತು. 1948ರಲ್ಲಿ ಹುಟ್ಟಿದ ಎನ್‌ಸಿಸಿಯ ಅಜ್ಜ ಅದು. ಇಲ್ಲಿ ಓದುವ ಕಾಲೇಜು, ಅಲ್ಲಿ ಹೊಡೆಯುವ ಕೋರ್, ಎರಡೂ ಒಂದೇ ವರ್ಷ ಹುಟ್ಟಿದವಲ್ಲ ಎಂದು ಸೋಜಿಗಪಡುತ್ತ ಸಪ್ತಾಪುರದ ಕಡೆ ತಿರುಗಿದೆ.

ಖೋಲಿಯಲ್ಲಿ ಅಳಿಯ ಇನ್ನೂ ಮೊಳೆಗಳ ಜೊತೆ ಆಡುತ್ತಿದ್ದ. ಓದುವ ಮ್ಯಾಗಜಿನ್ ತಲೆದಿಂಬಿನ ಮೇಲೆ ಬೋರಲು ಬಿದ್ದಿತ್ತು. ರಟ್ಟಿನಲ್ಲಿ ಪೆಟ್ಟಿಗೆ ಮಾಡಿ, ತಳಕ್ಕೆ ಹಳೆಯ ಬಾಲ್‌ಪೆನ್ನಿನ ಸ್ಪ್ರಿಂಗ್ ಕೂಡಿಸಿದ್ದ. ಮೊಳೆಗಳನ್ನು ಒಂದೊಂದಾಗಿ ತುಂಬುತ್ತಿದ್ದ. ಮೊದಲ ಮೂರು ಸರಿಯಾಗಿ ಕೂತವು. ನಾಲ್ಕನೆಯದನ್ನು ಅವಸರದಲ್ಲಿ ಒತ್ತಿದ. ತಲೆ ಹಿಂದೆ ಸರಿಯಿತು. ಸೀಸಕಡ್ಡಿಯಿಂದ ನೂಕಿದ, ಬರಲಿಲ್ಲ. ಮತ್ತೆ ನೂಕಿದ. ಟಕ್!

"ಯಾಕ ಮಾಮಾ? ಮೂರು ಸರಿ ಕೂತ್ವಲ್ಲ?"

ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಬಗ್ಗಿ, ಅವನ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ, ಮೊಳೆಯ ತಲೆಯನ್ನು ಒಂದು ಮಿಲಿಮೀಟರಿನಷ್ಟು ಮುಂದಕ್ಕೆ ತಂದೆ. ಬಾಯಿಗೆ ಬಂದ ಮಾತು ನನ್ನದಾಗಿರಲಿಲ್ಲ.

"ಅಂಚು ಮುಂದ, ತಮ್ಮಾ."